ತುಪ್ಪಳದಣ್ಣನ ಕೊನೆಯ ಕೋಟು

ರಾತ್ರಿ ಬಿದ್ದ ಇಬ್ಬನಿ ಬೆಳಗಾದರೂ ಕರಗದೆ, ಕಿಟಕಿಯ ಗಾಜಿಗೆ ಉಪ್ಪು ಸವರಿದಂತೆ ಹೆಪ್ಪುಗಟ್ಟಿ ಕೂತಿತ್ತು. ಗಾಳಿಯ ಸುಳಿವಿಲ್ಲ. ಸೂರ್ಯ ಹುಟ್ಟಿದನೋ ಇಲ್ಲವೋ ಎಂದು ಅನುಮಾನಪಡುವಂಥ ಆ ಮಬ್ಬಿನಲ್ಲಿ, ತೀರಿಕೊಂಡವರ ತುಪ್ಪಳದ ಕೋಟುಗಳಿಂದ ಮನೆಯವರಿಗೆ ಗೊಂಬೆ ಕರಡಿ ಹೊಲಿದುಕೊಡುವ ಕರಡಿಯಮ್ಮ ಒಂದು ಕೋಟನ್ನು ಮೇಜಿನ ಮೇಲೆ ಮಗುಚಿ ಹಾಕಿಕೊಂಡು, ತುಪ್ಪಳ ಕೆಳಗೆ, ತೊಗಲು ಮೇಲೆ ಮಾಡಿ, ಬ್ಲೇಡಿನ ಮೂಲೆಯಿಂದ ಗೆರೆಯುದ್ದಕ್ಕೂ ಗೀರುತ್ತಿದ್ದಳು. ನಿಜವಾದ ತುಪ್ಪಳಕ್ಕೆ ಕತ್ತರಿ ಮುಟ್ಟಿಸುವಂತಿಲ್ಲ. ಮುಟ್ಟಿಸಿದರೆ ಕೂದಲು ತುಂಡಾಗಿ ಗೊಂಬೆ ಕರಡಿಗೆ ಕ್ಷೌರ ಮಾಡಿಸಿದ ಹಾಗೆ ಕಾಣುತ್ತದೆ. ತೊಗಲನ್ನಷ್ಟೇ ಸೀಳಬೇಕು, ಕೂದಲಿಗೆ ಸುದ್ದಿ ತಿಳಿಯಬಾರದು.

ಗೀರುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಮಗ್ಗುಲು ತಿರುಗಿಸಲೆಂದು ಎತ್ತಿದಾಗ ಪರಪರ ಸದ್ದಾಯಿತು. ತೊಗಲು ಅವಳು ಎಳೆದ ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಒಣಗಿದ ಕೆರೆಯ ಅಂಗಳದಂತೆ ತನಗೆ ತೋಚಿದ ಕಡೆಗೆಲ್ಲ ಬಿರಿದುಕೊಂಡಿತು. ಕರಡಿಯ ಹೊಟ್ಟೆಯಾಗಬೇಕಿದ್ದ ತುಂಡು ಅವಳ ಕೈಯಲ್ಲಿ ಮೂರು ಚೂರಾಗಿ ನೇತಾಡಿತು.

"ಅತ್ತಿಗೆ," ಎಂದ ಬಾಗಿಲಲ್ಲಿ ನಿಂತ ಮೈದುನ. "ಅಲ್ಲಿ ಅಣ್ಣ ಪೆಟ್ಟಿಗೇಲಿ ಮಲಗಿದಾನೆ, ಇಲ್ಲಿ ನೀವು ಬ್ಲೇಡು ಹಿಡ್ಕೊಂಡು ಕೂತಿದೀರಲ್ಲ! ಬಂದೋರು ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ಇದು ಸಂಜೆಯೊಳಗೆ ಕರಡಿ ಆಗ್ಬೇಕು."

"ಇವತ್ತೂ ಗಿರಾಕಿನಾ?"

"ಗಿರಾಕಿ ಅಲ್ಲ ಕಣೋ, ಪಾಪದ ಅಜ್ಜ. ನಾಳೆ ಬೆಳಿಗ್ಗೆ ಅವರನ್ನ ವೃದ್ಧಾಶ್ರಮಕ್ಕೆ ಸೇರಿಸ್ತಾರೆ. ಅಲ್ಲಿ ಕೋಟು ಒಳಗೆ ಬಿಡಲ್ವಂತೆ. ಗೊಂಬೆ ಆದ್ರೆ ಬಿಡ್ತಾರಂತೆ."

ಮೈದುನ ತಲೆ ಕೊಡವಿ ಹೋದ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಒಬ್ಬ ಹೆಂಗಸಿನ ಅಪ್ಪ ಆ ಅಜ್ಜ. ಹೆಂಡತಿ ತೀರಿಕೊಂಡ ಮೇಲೆ ಅವರ ನೆನಪು ಒಂದೊಂದೇ ಎಳೆ ಬಿಚ್ಚುತ್ತ ಹೋಗಿ, ಮಗಳ ಗುರುತೂ ಹೋಗಿ, ಕೊನೆಗೆ ಹೆಂಡತಿಯ ಈ ತುಪ್ಪಳದ ಕೋಟು ಒಂದು ಉಳಿದಿತ್ತು. ಅದನ್ನು ಎಳೆದುಕೊಂಡೇ ಮನೆಯೆಲ್ಲ ತಿರುಗುತ್ತಿದ್ದರು. ಅದನ್ನೇ ತುಳಿದು ಮೆಟ್ಟಿಲ ಮೇಲಿಂದ ಉರುಳಿಯೂ ಇದ್ದರು. ಕೋಟನ್ನು ಗೊಂಬೆ ಮಾಡಿಸಿದರೆ ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನಿರುತ್ತಾರೆ ಎಂದು ಮಗಳ ಆಸೆ. ನಿನ್ನೆ, ಕರಡಿಯಮ್ಮನ ಗಂಡನ ಸಾವಿನ ಸುದ್ದಿ ಕೇಳಿದವಳು ಸಂಕೋಚದಿಂದಲೇ ಫೋನು ಮಾಡಿದ್ದಳು. ಕರಡಿಯಮ್ಮ ಕೋಟಿನ ಗಂಟನ್ನು ಬಿಚ್ಚಿ ಕೂಡ ನೋಡದೆ, "ಬನ್ನಿ, ಕೊಡ್ತೀನಿ" ಎಂದಿದ್ದಳು. ಗಂಡ ತಂದ ಕೋಟನ್ನು ಬಿಚ್ಚಿ ನೋಡುವ ಅಗತ್ಯ ಅವಳಿಗೆ ಈವರೆಗೆ ಬಿದ್ದಿರಲಿಲ್ಲ.

ಈಗ ಅವಳು ಕೋಟಿನ ಕೆಳ ಅಂಚನ್ನು ಬೆಳಕಿಗೆ ಹಿಡಿದಳು. ಲೈನಿಂಗ್ ಬಟ್ಟೆಯ ಒಂದು ಕಡೆ ಹೆಬ್ಬೆರಳು ತೂರುವಷ್ಟು ಜಾಗದ ಹಳೆಯ ಹೊಲಿಗೆ ಬಿಚ್ಚಿತ್ತು. ಅದರ ಮೇಲೆ ಹೊಸ ದಾರದ, ಸೊಟ್ಟಸೊಟ್ಟ ಹೊಲಿಗೆ. ಆ ಸೊಟ್ಟ ಕೈ ಯಾರದೆಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಅಂದರೆ, ಗಂಡ ನೋಡಿದ್ದಾನೆ. ಮುಟ್ಟಿದ್ದಾನೆ. ಗೊತ್ತಿದ್ದೂ ತಂದಿದ್ದಾನೆ.

*

ಅವನನ್ನು ಊರು ತುಪ್ಪಳದಣ್ಣ ಎಂದೇ ಕರೆಯುತ್ತಿತ್ತು. ಯಾರ ಮನೆಯಲ್ಲಿ ವಯಸ್ಸಾದ ಹೆಂಗಸು ಕಣ್ಣು ಮುಚ್ಚಿದರೂ ಮಣ್ಣಿಗೆ ಹೋಗಿ ಹಿಂದೆ ನಿಲ್ಲುತ್ತಿದ್ದ, ಆದರೆ ಕೋಟಿನ ಮಾತೆತ್ತುತ್ತಿರಲಿಲ್ಲ. ಆ ಮನೆಯವರೇ ಒಂದು ದಿನ ಬೀರು ತೆರೆದು, ಅಮ್ಮನ ಕೋಟನ್ನು ಏನು ಮಾಡುವುದೆಂದು ತಿಳಿಯದೆ, ಹಾಕಿಕೊಳ್ಳಲೂ ಮನಸ್ಸಾಗದೆ, ಎಸೆಯಲೂ ಕೈಬಾರದೆ ಕೂತಾಗ ಇವನ ನೆನಪಾಗುತ್ತಿತ್ತು. ಕರೆದರೆ ಹೋಗುತ್ತಿದ್ದ. ಹೋದವನು ಕೋಟನ್ನು ಮೊದಲು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ, ಅಪರಿಚಿತರ ಮಗುವನ್ನು ಎತ್ತಿಕೊಂಡವನ ಹಾಗೆ. ಆಮೇಲೆ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಚ್ಚಿ, ಒಳಗಿನ ತೊಗಲನ್ನು ಹೆಬ್ಬೆರಳಿನ ಮೇಲೆ ಮಡಿಸಿ ಕಿವಿಯ ಹತ್ತಿರ ಹಿಡಿಯುತ್ತಿದ್ದ. ಜೀವ ಇರುವ ತೊಗಲು ಸದ್ದು ಮಾಡುವುದಿಲ್ಲ. ಸತ್ತ ತೊಗಲು ಹಳೆಯ ಕಾಗದದಂತೆ ಪರಗುಡುತ್ತದೆ. ಮೇಲಿನ ಕೂದಲು ಮಾತ್ರ ನಿನ್ನೆ ತಂದದ್ದರಂತೆ ಹೊಳೆಯುತ್ತಲೇ ಇರುತ್ತದೆ. ದೇವರು ಕೂದಲಿಗೆ ಆ ಮಟ್ಟಿಗೆ ಮೋಸ ಮಾಡಲು ಬಿಟ್ಟಿದ್ದಾನೆ.

ಪರಗುಟ್ಟಿದರೆ ಬಿಚ್ಚಿದ್ದನ್ನು ಅಲ್ಲೇ ಕೂತು ಹೊಲಿದು, "ಇದು ನಿಮ್ಮನೇಲೇ ಇರ್ಲಿ. ಅಮ್ಮನ ಜ್ಞಾಪಕಕ್ಕೆ ಒಂದಾದ್ರೂ ಬೇಕಲ್ವಾ?" ಎಂದು ಎದ್ದು ಬರುತ್ತಿದ್ದ. ಅಮ್ಮನ ಕೋಟು ಒಳಗೊಳಗೇ ಸತ್ತಿದೆ ಎಂದು ಯಾವ ಮನೆಯಲ್ಲೂ ಬಾಯಿಬಿಟ್ಟು ಹೇಳಿದವನಲ್ಲ.

ಹೀಗೆ ಬರಿಗೈಯಲ್ಲಿ ಬಂದ ದಿನ ಕರಡಿಯಮ್ಮ ರೇಗುತ್ತಿದ್ದಳು. "ಒಂದು ತುಂಡಾದ್ರೂ ಬರ್ತಿತ್ತೇನೋ. ಹಿಂದೆ ಬಟ್ಟೆ ಅಂಟಿಸಿ ಹೊಲೀತಿದ್ದೆ."

"ಅಂಟಿಸಿದ್ದು ಎಷ್ಟು ದಿನ ಬರುತ್ತೆ? ಮನೆಯೋರು ತಬ್ಬಿಕೊಂಡಾಗ ಕಂಕುಳಲ್ಲಿ ಬಿರಿದ್ರೆ? ಅವರಮ್ಮ ಎರಡನೇ ಸಲ ಸಾಯೋದು ಬೇಡ ಕಣೆ."

*

ಮುಂದಿನ ಕೋಣೆ ತುಂಬಿತ್ತು. ಬಂದವರೆಲ್ಲ ಕೋಟುಗಳನ್ನು ಗೋಡೆಯ ಗೂಟಗಳಿಗೆ ಒಂದರ ಮೇಲೊಂದು ನೇತುಹಾಕಿ, ಕೈಕಟ್ಟಿಕೊಂಡು ನಿಂತಿದ್ದರು. ಕರಡಿಯಮ್ಮ ಬೆರಳಿಗೆ ಅಂಟಿದ್ದ ತೊಗಲಿನ ಹುಡಿಯನ್ನು ಸೆರಗಿಗೆ ಒರೆಸಿಕೊಂಡು ಪೆಟ್ಟಿಗೆಯ ಪಕ್ಕ ಕೂತಳು. ಯಾರೋ ಅವನ ತಲೆಯನ್ನು ನೀಟಾಗಿ ಬಾಚಿದ್ದರು. ಬದುಕಿದ್ದಾಗ ಬಾಚಣಿಗೆಗೆ ಬಗ್ಗದ ತಲೆ.

"ಊರಲ್ಲಿ ಯಾರು ಹೋದ್ರೂ ಕೊನೇ ಸಾಲಲ್ಲಿ ಇವ್ರೇ ಇರ್ತಿದ್ರು," ಎಂದಳು ಹಳೇಬಟ್ಟೆ ಅಂಗಡಿಯಾಕೆ, ಮೂಗು ಒರೆಸಿಕೊಳ್ಳುತ್ತ. "ಮುಂದಿನ ಸಾಲು ಸಿಗೋದಕ್ಕೆ ಇವತ್ತಿನ ತನಕ ಕಾಯ್ಬೇಕಾಯ್ತು ನೋಡಿ."

ಒಂದಿಬ್ಬರು ನಗು ಬಂದದ್ದಕ್ಕೆ ನಾಚಿಕೊಂಡು ನೆಲ ನೋಡಿದರು.

"ನಮ್ಮಂಗಡಿಗೆ ವಾರ ವಾರ ಬರ್ತಿದ್ರಮ್ಮ. ಕೊಂಡ್ಕೊಳ್ಳೋದು ಅಪರೂಪ. ಬಂದು ನೇತುಹಾಕಿರೋ ಕೋಟುಗಳಿಗೆಲ್ಲ ಬ್ರಷ್ ಹಾಕಿ ಹೋಗೋರು. ಯಾಕಣ್ಣಾ, ನಾನೇನು ಸಂಬಳ ಕೊಡಲ್ಲ ಅಂದ್ರೆ, 'ಧೂಳು ಕೂತ್ರೆ ಅವಕ್ಕೆ ಉಸಿರು ಕಟ್ಟುತ್ತೆ' ಅನ್ನೋರು. ಉಸಿರಂತೆ!"

"ನಾನು ಎಷ್ಟು ಸಲ ಹೇಳ್ದೆ," ಮೈದುನ ಯಾರಿಗೂ ಅಲ್ಲದಂತೆ ಅಂದ. "ಮರದಂಗಡೀಲಿ ನನ್ನ ಜೊತೆ ಸೇರ್ಕೋ ಅಣ್ಣಾ, ಈ ಸತ್ತೋರ ಬಟ್ಟೆ ಸಾಕು ಅಂತ. ಕೇಳಿದ್ನಾ? ಈಗ ಯಾರಿಗೆ ಬೇಕು ತುಪ್ಪಳ? ಪ್ರಾಣಿಹಿಂಸೆ ಅಂತಾರೆ, ಕರಡಿ ತಗೊಂಡೋಗಿ ಬಾಗಿಲಲ್ಲೇ ವಾಪಸ್ ಇಟ್ಟು ಹೋಗ್ತಾರೆ."

"ಸತ್ತು ಹೋದ ಪ್ರಾಣೀನ ಬೀರಲ್ಲಿ ಕೊಳೆಹಾಕಿದ್ರೆ ಅದಕ್ಕೇನು ಪುಣ್ಯ ಬರುತ್ತಾ?" ಅಂಗಡಿಯಾಕೆ ತಿರುಗಿಬಿದ್ದಳು.

"ನನಗ್ಯಾಕೆ ಕೇಳ್ತೀರಿ? ಪೆಟ್ಟಿಗೇಲಿರೋನ್ನ ಕೇಳಿ."

ಕರಡಿಯಮ್ಮನ ಮನಸ್ಸು ಈ ಮಾತುಗಳಲ್ಲಿರಲಿಲ್ಲ. ಅವಳೂ ಪೆಟ್ಟಿಗೆಯಲ್ಲಿದ್ದವನನ್ನೇ ಕೇಳುತ್ತಿದ್ದಳು. ಯಾಕೆ ತಂದಿರಿ? ಎಲ್ಲರ ಮನೆಯಲ್ಲೂ ಆಡಿದ ಮಾತನ್ನು ಅಲ್ಲಿ ಯಾಕೆ ಆಡಲಿಲ್ಲ?

ಹಿರಿಯರೊಬ್ಬರು ಪ್ರಾರ್ಥನೆ ಹೇಳಿದರು. ಮುಚ್ಚಳ ಬಿತ್ತು. ನೆಲ ಕಲ್ಲಾಗಿದ್ದರಿಂದ ಗುಂಡಿ ತೋಡುವವರು ಮುಂಜಾನೆಯೇ ಬೆಂಕಿ ಹಾಕಿ ಮಣ್ಣನ್ನು ಮೆತ್ತಗೆ ಮಾಡಬೇಕಾಗಿತ್ತು. ಅದರ ಬೂದಿ ಗುಂಡಿಯ ಸುತ್ತ ಇನ್ನೂ ಹೊಗೆಯಾಡುತ್ತಿತ್ತು. ಹೆಪ್ಪುಗಟ್ಟಿದ ಹೆಂಟೆಗಳು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ಅವಳು ಕಣ್ಣು ಮುಚ್ಚಿದಳು. ದೇವರೇ, ಎಂದು ಬೇಡಿಕೊಂಡಳು. ಬೇಡಬೇಕಾದ್ದು ಗಂಡನ ಆತ್ಮಕ್ಕೆ ಶಾಂತಿಯನ್ನು. ಬಾಯಿಗೆ ಬಂದದ್ದು ಬೇರೆಯೇ. ಆ ಕೋಟಿನಲ್ಲಿ ಒಂದು ಅಂಗೈಯಗಲ ಜೀವ ಉಳಿಸಿಕೊಡು.

*

ಅಜ್ಜನ ಮನೆಯಿಂದ ಅವನು ಕೋಟಿನ ಗಂಟನ್ನು ತಂದ ದಿನ ಅವಳು ಯಾವುದೋ ಕರಡಿಯ ಕಿವಿಗೆ ಹೊಲಿಗೆ ಹಾಕುತ್ತಿದ್ದಳು. ಅವನು ಗಂಟನ್ನು ಕೆಳಗಿಡದೆ ಎದೆಗವಚಿಕೊಂಡೇ ನಿಂತಿದ್ದ.

"ಒಂದು ಕೋಟಿದೆ ಕಣೆ. ಸ್ವಲ್ಪ ಕಷ್ಟದ್ದು. ಆಗುತ್ತಾ?"

ಅವಳು ತಲೆ ಎತ್ತಲಿಲ್ಲ. ಎರಡು ಕಿವಿಯೂ ಸಮಸಮ ಕೂರುವುದು ಆ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಿನದು. "ಆಗದೇ ಏನು? ಇಡಿ ಅಲ್ಲಿ," ಎಂದಳು, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.

ಅವನು ಇಟ್ಟ. ಇನ್ನೂ ಏನೋ ಹೇಳುವವನಂತೆ ತುಸು ನಿಂತ. ಆಮೇಲೆ, ಚಳಿ ಯಾಕೋ ಮೈಯೊಳಗೇ ಹೊಕ್ಕಿದೆ ಎಂದು ಹೇಳಿ ಮಲಗಲು ಹೋದ. ಆ ಜ್ವರದಿಂದ ಅವನು ಏಳಲಿಲ್ಲ.

*

ಮಣ್ಣಿನಿಂದ ಬಂದವರು ಬಿಸಿ ಚಹಾದ ಲೋಟಗಳಿಗೆ ಕೈ ಸುತ್ತಿಕೊಂಡು ಕೂತಿದ್ದಾಗ ಅಂಚೆಯಾಕೆ ಅಪ್ಪನ ತೋಳು ಹಿಡಿದುಕೊಂಡು ಬಂದಳು. ಅಜ್ಜ ಎತ್ತರದ ಆಳು, ಮರ್ಯಾದಸ್ತ ಮುಖ. ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ತಲೆಬಾಗಿದರು. ಆಮೇಲೆ ಕಣ್ಣು ಗೂಟಗಳ ಮೇಲೆ ಬಿತ್ತು. ಸೀದಾ ಹೋಗಿ ನೇತಾಡುತ್ತಿದ್ದ ಕೋಟುಗಳ ಕೊರಳಪಟ್ಟಿಯನ್ನು ಒಂದೊಂದಾಗಿ ಎತ್ತಿ, ಮೂಸಿ, ಅಲ್ಲ ಎಂದು ಮೆಲ್ಲಗೆ ಬಿಡತೊಡಗಿದರು.

"ಕೋಟು ಹೋದಾಗಿಂದ ಹಿಂಗೇ," ಮಗಳು ಕರಡಿಯಮ್ಮನ ಪಕ್ಕ ಕೂತು ಪಿಸುಗುಟ್ಟಿದಳು. "ಬಸ್ಸಲ್ಲೂ ಕಂಡೋರ ಬೆನ್ನಿಗೆ ಮೂಗಿಡ್ತಾರೆ. ಬೈಸ್ಕೊಂಡಿದೀವಿ. ಊಟ ಬಾಯಿಗೆ ಇಟ್ರೂ ನುಂಗಲ್ಲ. ಅಮ್ಮಾ, ಇಂಥ ದಿನ ಕೇಳಬಾರ್ದು…"

"ಒಂದು ಮಾತು ಹೇಳಮ್ಮ. ನಿಮ್ಮನೇಲಿ ನಮ್ಮೋರು ಕೋಟು ನೋಡಿ ಏನಂದ್ರು?"

"ಮೊದ್ಲು ಬೇಡ ಅಂದ್ರು. 'ಇದು ನಿಮ್ಮನೇಲೇ ಇರ್ಲಿ' ಅಂದು ಎದ್ದೇ ಬಿಟ್ರು. ನಾನು ಅತ್ತುಬಿಟ್ಟೆ. ಗೇಟಿನ ತನಕ ಹೋದೋರು ಅಲ್ಲೇ ನಿಂತ್ರು, ಚಳೀಲಿ, ತುಂಬಾ ಹೊತ್ತು. ಆಮೇಲೆ ವಾಪಸ್ ಬಂದು, 'ಕೊಡಮ್ಮ. ನನ್ನ ಕೈಲಿ ಆಗೋದಲ್ಲ ಇದು. ಆದ್ರೆ ನನ್ನ ಹೆಂಡ್ತಿ ಇದಾಳೆ. ಅವಳ ಕೈಲಿ ಆಗದ್ದು ಅಂತ ನಾನು ಇದುವರೆಗೆ ಏನೂ ನೋಡಿಲ್ಲ' ಅಂದ್ರು."

ಕರಡಿಯಮ್ಮ ಲೋಟವನ್ನು ಕೆಳಗಿಟ್ಟಳು. ಬಾಳಿದಷ್ಟು ಕಾಲವೂ ಅವನು ಅವಳ ಕರಡಿಗಳನ್ನು ಎತ್ತಿ ತಿರುಗಿಸಿ ನೋಡಿ, "ಹೂಂ" ಎಂದಷ್ಟೇ ಹೇಳಿ ಕೆಳಗಿಡುತ್ತಿದ್ದ. ಅದರಾಚೆ ಒಂದು ಮಾತು ಹೊರಟದ್ದಿಲ್ಲ. ಹೊರಟದ್ದು ಕಂಡವರ ಮನೆಯ ಅಂಗಳದಲ್ಲಿ.

"ಕೂತಿರಿ," ಎಂದಳು. "ಬಂದೆ."

ಕೆಲಸದ ಕೋಣೆಯಲ್ಲಿ ಕೋಟನ್ನು ಇಡಿಯಾಗಿ ಬಿಚ್ಚಿ ಹರಡಿದಳು. ಬೆನ್ನು, ತೋಳು, ಕೊರಳು, ಎಲ್ಲ ಕಡೆ ಹೆಬ್ಬೆರಳ ಮೇಲೆ ಮಡಿಸಿ ಕಿವಿಗೆ ಹಿಡಿದಳು. ಎಲ್ಲ ಕಡೆ ಪರಪರ. ಅಂಟು ಸವರಿ ಹಿಂದೆ ಬಟ್ಟೆ ಕೊಟ್ಟು ನೋಡಿದಳು. ಸೂಜಿ ಹೋದಲ್ಲೆಲ್ಲ ತೂತು ಹಿಗ್ಗಿ ಕೂದಲು ಕಂತೆಕಂತೆಯಾಗಿ ಉದುರಿತು. ಕೊನೆಗೆ ಗುಂಡಿಪಟ್ಟಿಯ ಅಡಿಯಲ್ಲಿ, ಬೆಳಕು ಬಿಸಿ ಏನೂ ತಾಗದೆ ಒಳಕ್ಕೆ ಮಡಚಿಕೊಂಡಿದ್ದ ಒಂದು ತುಂಡು ಸದ್ದಿಲ್ಲದೆ ಬಾಗಿತು. ಅಳೆದು ನೋಡಬೇಕಾಗಿರಲಿಲ್ಲ. ಅಂಗೈಯಗಲ. ಕೇಳಿದಷ್ಟನ್ನೇ ದೇವರು ಕೊಟ್ಟಿದ್ದ.

ಅದರಲ್ಲಿ ಕರಡಿ ಆಗುವುದಿಲ್ಲ. ಕರಡಿಯ ಒಂದು ಕಿವಿಯೋ ಪಾದವೋ ಆಗಬಹುದು. ಬೇರೆಯವರ ಕೋಟಿನ ತುಂಡುಗಳು ಮೂಲೆಯ ಡಬ್ಬದಲ್ಲಿ ರಾಶಿ ಇದ್ದವು, ಅದೇ ಬಣ್ಣದವೂ ಇದ್ದವು. ಆ ಕಡೆ ಒಮ್ಮೆ ನೋಡಿದಳು. ಮೂಸಿ ಮೂಸಿ ಬಿಡುತ್ತಿದ್ದ ಅಜ್ಜನ ಮೂಗು ನೆನಪಾಯಿತು. ಡಬ್ಬದ ಮುಚ್ಚಳ ತೆಗೆಯಲಿಲ್ಲ. ಆ ಒಂದೇ ತುಂಡಿನ ಬೆನ್ನಿಗೆ ಮೆತ್ತನೆಯ ಬಟ್ಟೆ ಕೊಟ್ಟು, ಹಿಡಿಯಷ್ಟು ಹತ್ತಿ ತುಂಬಿ, ಬಾಯಿ ಹೊಲಿದಳು. ಕಣ್ಣಿಲ್ಲ, ಕಿವಿಯಿಲ್ಲ, ಕೈಕಾಲಿಲ್ಲ. ಹುಟ್ಟುವ ಮೊದಲೇ ಸುಮ್ಮನಾದ ಯಾವುದೋ ಮರಿಯಂತೆ ಅದು ಮೇಜಿನ ಮೇಲೆ ಬಿದ್ದಿತ್ತು. ಉಳಿದ ಕೋಟನ್ನು ಗುಡಿಸಿ ಎತ್ತಬೇಕಾಯಿತು.

ಮುಂದಿನ ಕೋಣೆಯಲ್ಲಿದ್ದವರಲ್ಲಿ ಬಹಳ ಮಂದಿ ಹೋಗಿದ್ದರು. ಅಜ್ಜ ಗೂಟಗಳನ್ನೆಲ್ಲ ಮುಗಿಸಿ ಕುರ್ಚಿಯಲ್ಲಿ ಕೂತಿದ್ದರು. ಅಂಚೆಯಾಕೆ ಕರಡಿಯಮ್ಮನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು.

"ಇಷ್ಟೇ ಉಳಿದದ್ದಮ್ಮ," ಎಂದಳು ಕರಡಿಯಮ್ಮ. "ತೊಗಲು ಸತ್ತಿತ್ತು. ಅವರಿಗೂ ಗೊತ್ತಿತ್ತು. ನನ್ನ ಕೈಲಿ ಆಗ್ಲಿಲ್ಲ."

ಅಂಚೆಯಾಕೆ ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕರಡಿಯಮ್ಮ ಅಜ್ಜನ ಎದುರಿನ ಕುರ್ಚಿಯಲ್ಲಿ ಕೂತು ಅದನ್ನು ಅವರ ಕೈಯಲ್ಲಿಟ್ಟಳು. ಅವರು ಬೆರಳಿನಿಂದ ಕೂದಲನ್ನು ಹಿಂದಕ್ಕೆ ಸವರಿದರು, ಮುಂದಕ್ಕೆ ಸವರಿದರು. ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಅಂಗಡಿಯಾಕೆ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಬಾಗಿಲ ಬಳಿ ಮೈದುನ ಕೂಡ ಕದಲದೆ ನಿಂತ. ಅಜ್ಜನ ಹುಬ್ಬು ಮೆಲ್ಲಗೆ ಗಂಟಾಗಿ, ಮೆಲ್ಲಗೆ ಬಿಚ್ಚಿತು. ಅವರು ಮುಂದಕ್ಕೆ ಬಾಗಿ, ಬೇರೆಯವರ ವಸ್ತು ತಪ್ಪಿ ತಮ್ಮ ಕೈಗೆ ಬಂದಾಗ ಸಭ್ಯರು ಮಾಡುವ ಹಾಗೆ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಿಮ್ಮದಿರಬೇಕಮ್ಮ, ಜೋಪಾನವಾಗಿ ಇಟ್ಕೊಳ್ಳಿ" ಎಂದು, ಅದನ್ನು ಕರಡಿಯಮ್ಮನ ಅಂಗೈಯಲ್ಲಿಟ್ಟು, ತಣ್ಣಗಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.