ಕುಡಿಯದೆ ಇಟ್ಟ ಕಾಫಿ

"ಸಂತಾಪಕ್ಕೆ ಚಿಕ್ಕ ಹಾಲ್ ಸಾಕಪ್ಪಾ, ನಮ್ಮ ಕಡೆ ಜನ ಕಮ್ಮಿ" ಎಂದು ಮಮ್ದೂಹ್ ಫೋನಿನಲ್ಲಿ ಹೇಳುತ್ತಿದ್ದಾಗಲೇ ಅಣ್ಣನ ಮಗಳು ಸುಹಾ ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

"ದೊಡ್ಡದೇ ಇರಲಿ" ಎಂದು ಹೇಳಿ ಇಟ್ಟುಬಿಟ್ಟಳು.

ಅಮ್ಮಾನ್ ಹೊರವಲಯದ ಸಹಾಬ್ ಖಬರಸ್ತಾನದ ಮಣ್ಣು ಮಮ್ದೂಹನ ಬೂಟಿನಲ್ಲಿ ಇನ್ನೂ ಹಾಗೇ ಇತ್ತು. ಬೆಳಗಿನ ಜಾವ ತೀರಿಹೋದ ಅಣ್ಣ ಶುಕ್ರಿಯನ್ನು ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿ ಬಂದಿದ್ದರು. ಗೋರಿಯ ಸುತ್ತ ನಿಂತಿದ್ದವರು ಬೆರಳೆಣಿಕೆಯಷ್ಟು ಮಂದಿ.

"ನಿಮ್ಮಪ್ಪ ನನ್ನಣ್ಣ ಕಣೇ. ನನಗೇನು ದುಃಖ ಇಲ್ವಾ? ಆದ್ರೆ ನೀನೇ ಹೇಳು, ಯಾರು ಬರ್ತಾರೆ? ಇಡೀ ಜನ್ಮ ಈ ಬೀದೀಲೇ ಇದ್ದ. ಕ್ಷೌರದವನ ಹತ್ರಾನೂ ನಾಲ್ಕು ಮಾತಾಡಿದವನಲ್ಲ. ಸಂಜೆ ಖಾಲಿ ಹಾಲಲ್ಲಿ ನಾನೊಬ್ಬನೇ ಕೂತಿದ್ರೆ ಊರೇ ನಗುತ್ತೆ."

"ನಗಲಿ ಬಿಡಿ ಚಿಕ್ಕಪ್ಪ."

ಮಮ್ದೂಹ್ ಹಳೇ ಕಾರಿನ ವ್ಯಾಪಾರಿ. ಅವನು ಅಮ್ಮಾನಿನ ಒಂದು ಗುಡ್ಡದಲ್ಲಿ ಕೆಮ್ಮಿದರೆ ಪಕ್ಕದ ಗುಡ್ಡಕ್ಕೆ ಕೇಳುತ್ತದೆ ಎಂದು ಗೆಳೆಯರು ಗೇಲಿ ಮಾಡುತ್ತಿದ್ದರು. ಊರು ನಗುತ್ತದೆ ಎಂದು ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಸತ್ತವನ ತೂಕವನ್ನು ಸಾಂತ್ವನಕ್ಕೆ ಬಂದ ಜನರನ್ನು ನೋಡಿ ಅಳೆಯುವ ಊರು ಅದು. ಅಪ್ಪನನ್ನು ಜನ ಖಾಲಿ ಹಾಲಿನಿಂದ ಅಳೆಯಬಾರದು, ಸುಹಾಳಿಗೆ ಬೇಕಿದ್ದದ್ದು ಅಷ್ಟೇ.

ಸಂಜೆ ಕೆಳಗಿನ ಹಾಲಿನಲ್ಲಿ ಗಂಡಸರು, ಮಹಡಿಯಲ್ಲಿ ಹೆಂಗಸರು. ಗಂಡಸರು ಎಂದರೆ ಮಮ್ದೂಹ್, ಮಸೀದಿಯ ಇಮಾಮರು, ಮತ್ತೆ ದೂರದ ಸಂಬಂಧಿಕರು ಕೆಲವರು. ಮಮ್ದೂಹ್ ಹಾಲಿನ ತುದಿಯ ಗೌರವದ ಸ್ಥಾನದಲ್ಲಿ ಕೂತು, ಘಳಿಗೆಗೊಮ್ಮೆ ಬಾಗಿಲ ಕಡೆ ಕತ್ತು ಚಾಚುತ್ತಿದ್ದ.

ಮಹಡಿಗೆ ಬೂದು ಕೋಟು ತೊಟ್ಟ ನಡುವಯಸ್ಸಿನ ಹೆಂಗಸೊಬ್ಬಳು ಹತ್ತಿಬಂದು ಸುಹಾಳ ಕೈ ಹಿಡಿದುಕೊಂಡಳು.

"ನಾನು ನಿಸ್ರೀನ್. ನಕ್ಷೆ ಕಚೇರೀಲಿ ನಿಮ್ಮ ತಂದೆ ಜೊತೆ ಇದ್ದೆ. ಅವರು ನಿವೃತ್ತರಾದ ಮೇಲೆ ಅವರ ವಿಭಾಗ ನಾನೇ ನೋಡ್ಕೋತೀನಿ."

"ಅಪ್ಪ ಕಚೇರೀಲಾದ್ರೂ ಮಾತಾಡ್ತಿದ್ರಾ?"

"ಕಾಫಿ ಕತೆ ಅವರು ನಿಮಗೆ ಹೇಳಿಲ್ವಾ?"

"ಅಪ್ಪ? ಕತೆ ಹೇಳೋದಾ?" ಎಂದಳು ಸುಹಾ. ಅತ್ತು ಊದಿದ ಕಣ್ಣಲ್ಲೂ ಅವಳಿಗೆ ನಗು ಬಂತು. ನಿಸ್ರೀನ್ ಪಕ್ಕದಲ್ಲಿ ಕೂತು ಹೇಳತೊಡಗಿದಳು.

* * *

ಆ ಕಚೇರಿಯಲ್ಲಿ ರಸ್ತೆ, ಮೋರಿ, ಸೇತುವೆಗಳ ನಕ್ಷೆ ತಯಾರಾಗುತ್ತಿತ್ತು. ಅದರ ಒಡೆಯ ಫವಾಜ್ ಸಾಹೇಬರ ಸಭೆಯಲ್ಲಿ ಗಂಟಲು ದೊಡ್ಡದಿದ್ದವರದೇ ರಾಜ್ಯ. ಶುಕ್ರಿ ವರ್ಷಗಟ್ಟಲೆ ಮೂಲೆಯಲ್ಲಿ ಕೂತು, ಹೇಳಬೇಕೆಂದುಕೊಂಡದ್ದನ್ನು ನುಂಗಿಕೊಂಡು ಎದ್ದುಬರುತ್ತಿದ್ದ. ಅವನ ಜೊತೆಗೆ ಇನ್ನೊಬ್ಬ ಮೂಕಿಯಾಗಿ ಸೇರಿದವಳು ನಿಸ್ರೀನ್. ಅವಳೇ ಬರೆದ ಸೇತುವೆಯ ನಕ್ಷೆಯನ್ನು ಹೊರಗಿನವರ ಮುಂದೆ ವಿವರಿಸುವ ದಿನ ನಾಲಿಗೆ ಒಣಗಿ, ಸಭೆಯ ನಡುವೆಯೇ ಎದ್ದು ಓಡಿಹೋಗಿದ್ದಳು. "ಇನ್ಮುಂದೆ ಈ ಹುಡುಗಿ ಬರೀಲಿ, ವಾಯಲ್ ಮಾತಾಡ್ಲಿ" ಎಂದು ಸಾಹೇಬರು, ಸಭೆಯಲ್ಲೇ ದೊಡ್ಡ ಗಂಟಲಿನ ವಾಯಲ್‌ನನ್ನು ತೋರಿಸಿ, ತೀರ್ಪು ಕೊಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಶುಕ್ರಿ ಸಾಹೇಬರ ಕೋಣೆಗೆ ಹೋದ. ಅಲ್ಲಿ ಎಂದಿನಂತೆ ಹರಟೆ ನಡೆದಿತ್ತು. ಕಚೇರಿಗೆ ಕಾಫಿ ಮಾಡುವ ಅಬು ಹಿಶಾಮ್ ಅವನಿಗೂ ಬಟ್ಟಲು ತುಂಬಿ ಕೊಟ್ಟ. ಶುಕ್ರಿ ಅದನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡ.

"ಕುಡಿಯಪ್ಪಾ ಅಬು ಸುಹಾ, ಆರಿಹೋಗುತ್ತೆ" ಎಂದರು ಸಾಹೇಬರು. ಸುಹಾಳ ಅಪ್ಪ ಎಂಬ ಅರ್ಥದಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು.

ಶುಕ್ರಿ ಕುಡಿಯಲಿಲ್ಲ.

"ಇವತ್ತು ಉಪವಾಸ ಏನೋ?"

ಇಲ್ಲವೆಂದು ತಲೆಯಾಡಿಸಿದ.

"ಸಕ್ಕರೆ ಕಾಯಿಲೆನಾ? ಇದರಲ್ಲಿ ಸಕ್ಕರೇನೇ ಇಲ್ವಲ್ಲೋ!" ಎಂದ ವಾಯಲ್. ಎಲ್ಲರೂ ನಕ್ಕರು.

"ಏಲಕ್ಕಿ ಜಾಸ್ತಿಯಾಗಿರಬೇಕು. ಬೇರೆ ಮಾಡ್ಕೊಂಡು ಬಾ" ಎಂದು ಸಾಹೇಬರು ಅಬು ಹಿಶಾಮನಿಗೆ ಹೇಳಿದರು.

ಅಬು ಹಿಶಾಮ್ ಕದಲಲಿಲ್ಲ. "ಕಾಫಿ ಸರಿಯಾಗೇ ಇದೆ ಸಾಹೇಬ್ರೇ. ಅವರು ಏನೋ ಕೇಳೋಕೆ ಬಂದಿದ್ದಾರೆ."

ನಗು ನಿಂತಿತು. ಹೆಣ್ಣು ಕೇಳಲು ಹೋದ ಹಿರಿಯರು, ರಾಜಿಗೆ ಹೋದ ಹಿರಿಯರು ಮಾಡುವ ಕ್ರಮ ಅದು: ಕೇಳಿದ್ದು ಸಿಗುವವರೆಗೆ ಮುಂದಿಟ್ಟ ಕಾಫಿ ಮುಟ್ಟುವುದಿಲ್ಲ, ಮತ್ತು ಬಂದವರು ಕಾಫಿ ಕುಡಿಯದೆ ಎದ್ದುಹೋದರೆ ಮನೆಯ ಯಜಮಾನ ತಲೆ ಎತ್ತುವ ಹಾಗಿಲ್ಲ. ಕಚೇರಿಯಲ್ಲಿ, ಪ್ರಿಂಟರ್ ಗಡಗಡ ಎನ್ನುತ್ತಿರುವಾಗ, ಯಾರೂ ಯಾವತ್ತೂ ಹಾಗೆ ಮಾಡಿದ್ದಿಲ್ಲ.

"ಯಾರ ಮಗಳು ಬೇಕಯ್ಯಾ ನಿಂಗೆ?" ಎಂದು ಸಾಹೇಬರು ತಮಾಷೆಗೆ ಎಳೆಯಲು ನೋಡಿದರು. ಆದರೆ ಶುಕ್ರಿ ಬಟ್ಟಲನ್ನು ಇನ್ನಷ್ಟು ದೂರ ಸರಿಸಿದ್ದು ಕಂಡು ನೆಟ್ಟಗೆ ಕೂತರು. "ಹೇಳಿ ಅಬು ಸುಹಾ" ಎಂದರು, ಬಹುವಚನದಲ್ಲಿ.

"ನಕ್ಷೆ ಹಿಂದಿನ ದಿನಾನೇ ಎಲ್ಲರ ಕೈಗೆ ಸಿಗಲಿ. ಸಭೇಲಿ ಮೊದಲು ಎಲ್ಲರೂ ಬಾಯ್ಮುಚ್ಚಿ ಅದನ್ನ ನೋಡ್ಲಿ. ಆಮೇಲೆ ಬರೆದವರೇ ಮೊದಲು ಮಾತಾಡ್ಲಿ. ಸೇತುವೆ ಬಗ್ಗೆ ನಿಸ್ರೀನೇ ಹೇಳ್ಲಿ. ನಿಂತ್ಕೊಂಡು ಬೇಡ, ಕೂತ್ಕೊಂಡೇ ಹೇಳ್ಲಿ."

"ಇಷ್ಟೇನಾ?"

"ಇಷ್ಟೇ."

"ಕೊಟ್ಟೆ. ಕಾಫಿ ಕುಡೀರಿ."

ಶುಕ್ರಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದುಹೋದ.

* * *

"ಬಾಗಿಲಲ್ಲಿ ನಿಂತು ಎಲ್ಲ ಕೇಳಿಸ್ಕೊಂಡಿದ್ದ ನಾನು ಅವರ ಹಿಂದೇನೇ ಓಡಿದೆ" ಎಂದಳು ನಿಸ್ರೀನ್. "ಗೋಡೆಗೆ ಒರಗಿ ನಿಂತಿದ್ರು. 'ನಂಗೆ ಮಾತು ಬರಲ್ಲಮ್ಮ, ತಾತನ ಕಾಲದ ಕಾಫಿ ಪದ್ಧತೀನೇ ಸಾಲ ತಗೊಂಡೆ' ಅಂದ್ರು. ಆಮೇಲೆ, 'ಸಭೆಗೆ ಒಂದು ಮಾತು ಸಿದ್ಧ ಮಾಡ್ಕೊಂಡು ಹೋಗು. ಒಂದೇ. ಅದನ್ನ ಹೇಳಿ ಸುಮ್ಮನಿರು, ಸಾಕು' ಅಂದ್ರು. ವಾರವಾರ ಒಂದೊಂದೇ ಮಾತು. ಹಾಗೇ ನಾನು ಈ ಮಟ್ಟಕ್ಕೆ ಬಂದಿದ್ದು. ಆಮೇಲೆ ಅವರನ್ನೇ ವಿಭಾಗದ ಮುಖ್ಯಸ್ಥ ಮಾಡಿದ್ರು. ಬಾಯಿಲ್ಲದವರು ಯಾರು ಸೇರಿದ್ರೂ ಅವರ ಹತ್ರಾನೇ. ಬೆಳಿಗ್ಗೆ ಬಂದ ಕೂಡಲೇ ಕೇಳೋರು, ಇವತ್ತಿನ ನಿನ್ನ ಮಾತು ಯಾವುದು ಅಂತ. ಅವರೂ ತಮ್ಮದನ್ನ ಕಾರಲ್ಲಿ ಕೂತು ಬಾಯಿಪಾಠ ಮಾಡ್ಕೊಂಡೇ ಬರ್ತಿದ್ರಂತೆ."

ಸುಹಾ ತಟ್ಟನೆ ತಲೆಯೆತ್ತಿದಳು. ಅವಳು ಶಾಲೆಗೆ ಹೋಗುವ ಕಾಲದಲ್ಲಿ ಅಪ್ಪ ಕಾರು ಚಾಲೂ ಮಾಡದೆ ಮನೆಮುಂದೆ ಕೂತು ತುಟಿಯಾಡಿಸುತ್ತಿದ್ದ. ಹೊರಡುವ ಮುನ್ನದ ದುವಾ, ಪ್ರಾರ್ಥನೆ ಇರಬೇಕು ಎಂದುಕೊಂಡಿದ್ದಳು. ಆಗ ಇನ್ನೂ ಬದುಕಿದ್ದ ಅಮ್ಮನಿಗೆ ಮಾತ್ರ ಅದು ತನ್ನನ್ನು ಬೈಯುವುದೇ ಎಂದು ಗುಮಾನಿ.

"ನಿಮಗೆ ದೇವರು ಒಳ್ಳೇದು ಮಾಡ್ಲಿ. ಇಷ್ಟು ಹೊತ್ತು ನಾನು ಅಪ್ಪನಿಗಾಗಿ ನಾಚ್ಕೋತಾ ಕೂತಿದ್ದೆ" ಎಂದು ಸುಹಾ ಅವಳನ್ನು ತಬ್ಬಿಕೊಂಡು ಅತ್ತಳು. ಬೆಳಗಿನಿಂದ ಅತ್ತದ್ದಕ್ಕಿಂತ ಈ ಅಳು ಹಗುರವಾಗಿತ್ತು.

"ಆದ್ರೆ ಕೆಳಗೆ ಯಾರೂ ಬಂದಿಲ್ಲ" ಎಂದಳು ಕಣ್ಣೊರೆಸಿಕೊಂಡು.

"ಬಂದಿಲ್ವಾ?" ನಿಸ್ರೀನ್ ಕಿಟಕಿಯ ಪರದೆ ಸರಿಸಿದಳು.

ಎದುರುಗಡೆ ರೊಟ್ಟಿ ಭಟ್ಟಿಯ ಮುಂದೆ ಜನವೋ ಜನ. ರೊಟ್ಟಿ ಯಾರೂ ಕೊಳ್ಳುತ್ತಿಲ್ಲ. ಒಬ್ಬ ಫೋನ್ ನೋಡುತ್ತಿದ್ದಾನೆ, ಒಬ್ಬ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾನೆ, ಇನ್ನು ಕೆಲವರು ಔಷಧಿ ಅಂಗಡಿಯ ಬೋರ್ಡನ್ನು ಭಕ್ತಿಯಿಂದ ಓದುತ್ತಿದ್ದಾರೆ.

"ನಮ್ಮವರೇ, ನಿಮ್ಮ ತಂದೆ ಹತ್ರ ಕೆಲಸ ಕಲಿತವರು" ಎಂದಳು ನಿಸ್ರೀನ್. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಯಾರಾದ್ರೂ ಮೊದಲು ಒಳಗೆ ಹೋಗ್ಲಿ ಅಂತ ಕಾಯ್ತಿದ್ದಾರೆ. ರಾತ್ರಿವರೆಗೂ ಹೀಗೇ ನಿಂತಿರ್ತಾರೆ, ಪುಣ್ಯಾತ್ಮರು!"

ಇಬ್ಬರೂ ಇಳಿದು ಬೀದಿಗೆ ಬಂದರು. ನಿಸ್ರೀನ್ ರಸ್ತೆಯ ನಟ್ಟನಡುವೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದಳು. ಟ್ಯಾಕ್ಸಿಯೊಂದು ಹಾರ್ನ್ ಹೊಡೆದರೂ ಜಗ್ಗಲಿಲ್ಲ.

"ಅಬು ಸುಹಾ ಮನೆಯವರು ಒಳಗೆ ಒಬ್ಬಂಟಿ ಕೂತಿದ್ದಾರೆ. ನಡೀರಿ! ಒಬ್ಬೊಬ್ಬರು ಒಂದೇ ಮಾತು ಹೇಳಿದ್ರೆ ಸಾಕು."

ಬೀದಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿ ದನಿ. ಆಮೇಲೆ ಸುಹಾಳ ತೋಳು ಹಿಡಿದು ಪಿಸುಗುಟ್ಟಿದಳು: "ಮೆಟ್ಟಿಲು ಇಳೀತಾ ಇದನ್ನೇ ಬಾಯಿಪಾಠ ಮಾಡ್ಕೊಂಡು ಬಂದೆ."

ಕಾಯುತ್ತಿದ್ದವರೆಲ್ಲ ರಸ್ತೆ ದಾಟಿ ಬಂದರು. ಸುಹಾ ಮೆಟ್ಟಿಲ ಬಳಿ ನಿಂತು ಬಾಗಿಲಿನಿಂದ ನೋಡಿದಳು. ಒಬ್ಬೊಬ್ಬರೇ ಮಮ್ದೂಹನ ಕೈ ಹಿಡಿದು, ಕಣ್ಣು ತಗ್ಗಿಸಿ ಹೇಳುತ್ತಿದ್ದರು.

"ನನ್ನ ಮೊದಲನೇ ಸಭೆ ದಿನ ನಿಮ್ಮಣ್ಣ ನನ್ನ ಪಕ್ಕದಲ್ಲಿ ಕೂತಿದ್ರು."

"ಕೆಲಸ ಬಿಡ್ತೀನಿ ಅಂದಿದ್ದೆ. ಬಿಡಬೇಡ ಅಂತ ಒಂದೇ ಸಲ ಅಂದ್ರು."

"ರಜಕ್ಕೆ ಬಂದಿದ್ದೆ. ದುಬೈನಲ್ಲಿ ನಾನೀಗ ಒಂದು ವಿಭಾಗ ನಡೆಸ್ತಿದ್ದೀನಿ. ಅವರ ಋಣ."

ಬಂದವರು ಮಾತು ಮುಗಿಸಿದ ಕೂಡಲೇ ಹಿಂದಕ್ಕೆ ಹೋಗಿ ಬಾಗಿಲ ಬಳಿ ಒತ್ತೊತ್ತಾಗಿ ಕೂರುತ್ತಿದ್ದರು. ಅಲ್ಲಿ ಜಾಗ ಸಾಲದೆ ಕೆಲವರು ಗೋಡೆಗಂಟಿ ನಿಂತರು. ಗೌರವದ ಸ್ಥಾನದ ಸುತ್ತ ಅರ್ಧ ಹಾಲ್ ಖಾಲಿಯಾಗೇ ಉಳಿಯಿತು.

"ಮುಂದೆ ಬನ್ನಿ, ಇಲ್ಲಿ ಬನ್ನಿ!" ಎಂದು ಮಮ್ದೂಹ್ ಕೂಗಿದ. ಎಲ್ಲರೂ ವಿನಯದಿಂದ ತಲೆಯಾಡಿಸಿದರು. ಒಬ್ಬನೂ ಏಳಲಿಲ್ಲ.

ಮಮ್ದೂಹ್ ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆ ಖಾಲಿ ಅರ್ಧ ಹಾಲನ್ನು ದಾಟಿ ಬಂದ. ಇಬ್ಬರು ಸರಿದು ಜಾಗ ಮಾಡಿಕೊಟ್ಟರು. ಅವನು ಅವರ ನಡುವೆ ಕುರ್ಚಿ ತೂರಿಸಿ ಕೂತ. ಏನೋ ಹೇಳಲು ಬಾಯಿ ತೆರೆದ, ಸುತ್ತಲಿನ ಮುಖಗಳನ್ನು ನೋಡಿ ಮುಚ್ಚಿದ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರಂತೆಯೇ ನೆಲ ನೋಡತೊಡಗಿದ.