ಫ್ಯಾನ್ ಕಡೆಯ ಬಾಗಿಲು

ಶೆಡ್ಡು ನೋಡೋಕೆ ಬಂದೋರೆಲ್ಲ ಕೇಳೋದು ಒಂದೇ ಮಾತು. ಇಷ್ಟು ದೊಡ್ಡ ಕಟ್ಟಡಕ್ಕೆ ಒಂದು ಕಿಟಕಿಯೂ ಇಲ್ವಲ್ಲ, ಪಾಪ, ಕೋಳಿಗೆ ಉಸಿರು ಕಟ್ಟಲ್ವಾ ಅಂತ. ಮೊದಮೊದಲು ಸಮಾಧಾನವಾಗಿ ಬಿಡಿಸಿ ಹೇಳ್ತಿದ್ದೆ. ಆಮೇಲಾಮೇಲೆ, ಅಷ್ಟು ಪಾಪ ಅನ್ನಿಸಿದ್ರೆ ನಿಮ್ಮನೆಗೆ ಕರ್ಕೊಂಡು ಹೋಗಿ ಮಂಚದ ಮೇಲೆ ಮಲಗಿಸ್ಕೊಳ್ಳಿ ಅನ್ನೋಕೆ ಶುರು ಮಾಡಿದೆ. ನನ್ನ ಬಾಯಿ ಸ್ವಲ್ಪ ಜೋರು. ಬೀದಿಗೆಲ್ಲ ಗೊತ್ತಿರೋದೇ, ನಿಮಗೂ ಗೊತ್ತಿರಲಿ.

ನಿಮಗೂ ಒಂದ್ಸಲ ಹೇಳಿಬಿಡ್ತೀನಿ, ಕೇಳ್ಕೊಳ್ಳಿ. ನಮ್ಮ ಶೆಡ್ಡು ಉದ್ದಕ್ಕೆ ಇದೆ, ಈ ತುದೀಲಿ ನಿಂತು ಕೂಗಿದ್ರೆ ಆ ತುದಿಗೆ ಕೇಳಲ್ಲ. ಒಂದು ತುದೀಲಿ ಗೋಡೆ ಬದಲು ತೂತುತೂತಿನ ದಪ್ಪ ರಟ್ಟಿನ ಪ್ಯಾಡು, ಅದರ ಮೇಲೆ ಪಂಪಿನ ನೀರು ಇಳೀತಾನೇ ಇರುತ್ತೆ. ಇನ್ನೊಂದು ತುದೀಲಿ ಆಳೆತ್ತರದ ಫ್ಯಾನುಗಳು, ಒಳಗಿನ ಗಾಳೀನ ಹೊರಗೆ ಎಳೆದು ಬಿಸಾಡ್ತವೆ. ಅವು ಎಳೆದಷ್ಟೂ ಹೊರಗಿನ ಬಿಸಿಗಾಳಿ ಒದ್ದೆ ಪ್ಯಾಡಿನೊಳಗೆ ನುಸುಳಿ, ತಣ್ಣಗಾಗಿ, ಈ ತುದಿಯಿಂದ ಆ ತುದೀವರೆಗೂ ಕೋಳಿಗಳ ಮೇಲೆ ಹಾದುಹೋಗ್ಬೇಕು. ಶೆಡ್ಡಿಗೆ ನಾಲ್ಕು ಬಾಗಿಲಿವೆ, ನಡುವೆ ಒಂದೂ ತೆಗೆದಿರಬಾರದು. ಸ್ಟ್ರಾ ಹಾಕಿ ಜ್ಯೂಸು ಕುಡಿಯೋವಾಗ ಸ್ಟ್ರಾ ಸೀಳಿದ್ರೆ ಬಾಯಿಗೆ ಬರೀ ಗಾಳಿ ಬರುತ್ತೆ ನೋಡಿ, ಹಾಗೇ ಇದೂನೂ, ಫ್ಯಾನು ಹತ್ತಿರದ ಬಾಗಿಲಿಂದಲೇ ಗಾಳಿ ಎಳ್ಕೊಳ್ಳುತ್ತೆ, ಪ್ಯಾಡಿನ ಕಡೆ ಗಾಳಿ ನಿಂತುಹೋಗುತ್ತೆ. ಕೋಳಿ ಬೆವರೋ ಪ್ರಾಣಿ ಅಲ್ಲ. ಗಾಳಿ ನಿಂತರೆ ಕೊಕ್ಕು ತೆಗೆದು ಏದುಸಿರು ಬಿಡುತ್ತೆ, ಅದೂ ಸ್ವಲ್ಪ ಹೊತ್ತು ಮಾತ್ರ.

ನಮ್ಮನೆಯವರು ಮೊದಲು ಲಾರಿ ಡ್ರೈವರ್. ಹೋದರೆ ಹೋದರು, ಬಂದರೆ ಬಂದರು. ಮದುವೆಯಾದ ಹೊಸತರಲ್ಲಿ ನಂಗೆ ಗಂಡನ ಮುಖಕ್ಕಿಂತ ಫೋನಿನ ದನೀನೇ ಹೆಚ್ಚು ಪರಿಚಯ. ಒಂದು ಸಲ ಸ್ಟೀರಿಂಗ್ ಮೇಲೇ ಜೊಂಪು ಹತ್ತಿ, ಲಾರಿ ರಸ್ತೆ ಬಿಟ್ಟು ಹಳ್ಳಕ್ಕೆ ಇಳೀತು. ಇವರಿಗೆ ಮೈ ತರಚಿದ್ದಷ್ಟೇ, ಆದರೆ ಅತ್ತೆ ಅವತ್ತಿಂದ ಪಟ್ಟು ಹಿಡಿದು ಕೂತರು. ಲಾರಿ ಬಿಡೋವರೆಗೂ ಮಗನ ಹತ್ರ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ಇವರು ಕಂಪನಿ ಕೋಳಿ ಸಾಕೋಕೆ ಒಪ್ಪಿಕೊಂಡರು. ಮರಿ, ಮೇವು ಕಂಪನೀದು. ಶೆಡ್ಡು, ದುಡಿಮೆ ನಮ್ಮದು. ಕಂಪನಿ ಮರಿ ಕೊಡೋವರೆಗೆ ಗಂಡ ಮನೇಲಿ, ನಿಲ್ಲಿಸಿದ ದಿನ ಮತ್ತೆ ಲಾರಿ. ಹೋದ ಬೇಸಿಗೇಲಿ ಒಂದು ಬ್ಯಾಚು ಬಿಸಿಲಿಗೆ ಕೆಟ್ಟಿತ್ತು. ಇನ್ನೊಂದು ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ ಅಂತ ಕಂಪನಿ ಸೂಪರ್‌ವೈಸರ್ ಆಗಲೇ ಹೇಳಿಹೋಗಿದ್ದರು.

ಅತ್ತೆಗೆ ಶೆಡ್ಡೊಳಗೆ ಪ್ರವೇಶ ಇರಲಿಲ್ಲ. ಹೊರಗಿನ ಕಾಲಲ್ಲಿ ರೋಗ ಬರುತ್ತೆ ಅಂತ ಕಂಪನೀದು ಕಟ್ಟಪ್ಪಣೆ. ಹಿತ್ತಲಲ್ಲಿ ಜೀವಮಾನವೆಲ್ಲ ಕೋಳಿ ಸಾಕಿದ ಹೆಂಗಸು, ತನ್ನ ಕಾಲು ಕೊಳಕು ಅಂದ್ರಲ್ಲ ಅಂತ ಅವರಿಗೆ ಉರಿ. ನಾನೇನು ಕಾಲಿಡಲ್ಲಪ್ಪ ನಿಮ್ಮ ಅರಮನೇಲಿ, ಅಂತ ಮಗನಿಗೆ ಚುಚ್ಚೋರು. ಆದರೂ ಹೇಳಿದ್ದನ್ನ ಪಾಲಿಸಿದ್ರು. ಅಷ್ಟು ವರ್ಷದಲ್ಲಿ ಒಂದು ದಿನವೂ ಹೊಸಿಲು ದಾಟಲಿಲ್ಲ.

ಆ ದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟೋಕೆ ಶುರುವಾಗಿತ್ತು. ಕೋಳಿ ತೂಕಕ್ಕೆ ಬಂದಿದ್ವು, ಇನ್ನೇನು ಕಂಪನಿ ಗಾಡಿ ಬಂದು ಎತ್ತಿಕೊಂಡು ಹೋಗೋದು ಬಾಕಿ. ದಪ್ಪ ಕೋಳಿಗೇ ಬಿಸಿಲು ಜಾಸ್ತಿ ಹೊಡೆಯೋದು. ಇವರು ಹೊತ್ತು ಏರೋ ಮುಂಚೆಯೇ ಮೇವಿನ ಬಟ್ಟಲು ಎತ್ತಿ ಕಟ್ಟಿದ್ರು, ತಿಂದದ್ದು ಅರಗೋವಾಗಲೂ ಮೈ ಕಾಯುತ್ತೆ ಅಂತ. ನಾನು ಕುಡಿಯೋ ನೀರಿನ ಟ್ಯಾಂಕಿಗೆ ಐಸ್ ಸುರಿದೆ. ದೀಪ ಮಂದ ಮಾಡಿ, ಬಾಗಿಲು ಎಳಕೊಂಡು ಹೊರಗೆ ಬಂದ್ವಿ. ಅಲ್ಲಿಂದ ಬಿಸಿಲು ಇಳಿಯೋವರೆಗೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಮನುಷ್ಯರು ನಡೆದಾಡಿದ್ರೆ ಕೋಳಿ ಗಾಬರಿಬಿದ್ದು ಏಳ್ತವೆ, ಒಂದರ ಮೇಲೊಂದು ನುಗ್ತವೆ, ಅದೇ ಸಾಕು ಸಾಯೋಕೆ. ಸೂಪರ್‌ವೈಸರ್ ಹೇಳಿಕೊಟ್ಟ ಪಾಠ ಅದು, ನಾವು ಅಕ್ಷರ ತಪ್ಪದೆ ನಡೆಸ್ತಿದ್ವಿ.

ಈಗ ಹೇಳೋದು ನನಗೆ ಗೊತ್ತಾಗಿದ್ದು ಆಮೇಲೆ. ನಮ್ಮ ಮನೆ ಇರೋದು ಫ್ಯಾನಿನ ತುದಿಗೆ. ಅತ್ತೆ ಒಗೆದ ಬಟ್ಟೆ ಒಣಗಿಹಾಕೋಕೆ ಹೋದೋರು, ಅಲ್ಲಿರೋ ಗೊಬ್ಬರ ತೆಗೆಯೋ ಬಾಗಿಲಿನ ಸಂದಿಯಿಂದ ಒಳಗೆ ಇಣುಕಿದಾರೆ. ಟ್ರ್ಯಾಕ್ಟರ್ ನುಗ್ಗೋವಷ್ಟು ದೊಡ್ಡ ಬಾಗಿಲು ಅದು. ಆ ತುದಿಗೆ ಗಾಳಿ ತಲುಪೋ ಹೊತ್ತಿಗೆ ಯಾವಾಗಲೂ ಸ್ವಲ್ಪ ಬಿಸಿಯಾಗಿರುತ್ತೆ, ಕೋಳಿ ಕೊಕ್ಕು ತೆಗೆದೇ ಇರ್ತವೆ. ನೋಡಿದೋರಿಗೆ ಸಂಕಟ ಆಗೋದೇ. ಅತ್ತೆ ಅಗಳಿ ಜಾರಿಸಿ ಎರಡೂ ಕದ ಅಗಲಕ್ಕೆ ತೆಗೆದು, ಹೊಡ್ಕೊಳ್ಳದ ಹಾಗೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಿಗಿದಿದಾರೆ. ಕೋಳಿ ಹೊರಗೆ ಬರದಿರಲಿ ಅಂತ ಕೆಳಗೆ ಹಲಗೆ ಅಡ್ಡ ಇಟ್ಟಿದಾರೆ. ಒಳಗೆ ಕಾಲಿಟ್ಟಿಲ್ಲ. ಗಾಳಿ ರಪ್ಪನೆ ನುಗ್ಗಿದ್ದೇ ಬಾಗಿಲ ಹತ್ರದ ಕೋಳಿಗಳೆಲ್ಲ ಕತ್ತು ಚಾಚಿ ಕೂತವಂತೆ. ಅತ್ತೆ ಕಣ್ತುಂಬ ನೋಡಿ, ಮನೆಗೆ ಹೋಗಿ ಒಲೆ ಹಚ್ಚಿದ್ರು.

ನಾವಿದ್ದದ್ದು ಪ್ಯಾಡಿನ ತುದೀಲಿ, ಸ್ವಿಚ್ಚು, ಮೀಟರ್ ಎಲ್ಲ ಇರೋ ಪ್ಯಾನೆಲ್ ರೂಮಿನ ಹತ್ರ. ಒಳಗಿನ ಶಾಖ ತೋರಿಸೋ ಅಂಕಿ ಏರೋಕೆ ಶುರುವಾಯ್ತು. ಇವರು ಮೊದಲು ಪಂಪಿನ ಮೇಲೆ ಅನುಮಾನಪಟ್ಟರು. ಪ್ಯಾಡು ನೋಡಿದ್ರೆ ಚೆನ್ನಾಗೇ ತೊಯ್ದಿತ್ತು. ಆದರೂ ಪಂಪು ನಿಲ್ಲಿಸದೆ ಜಾಲರಿ ಬಿಚ್ಚಿ ತೊಳೆದ್ರು, ಪಾಚಿ ಬಾಚಿದ್ರು. ನಾನು ಉಳಿದಿದ್ದ ಐಸೆಲ್ಲ ಪ್ಯಾಡಿನ ತೊಟ್ಟಿಗೆ ಸುರಿದೆ. ಅಂಕಿ ಇನ್ನೂ ಏರ್ತು. ಫ್ಯಾನುಗಳಿಗೆ ಹೋಗ್ತಿರೋ ಕರೆಂಟು ನೋಡಿದ್ರು, ಎಲ್ಲವೂ ತಿರುಗ್ತಿವೆ. ಗಾಳಿಯ ಎಳೆತ ತೋರಿಸೋ ಮೀಟರ್ ಒಂದಿತ್ತು, ಅದರ ಮುಳ್ಳು ಹೋದ ಬ್ಯಾಚಿಂದಲೇ ಮಲಗಿತ್ತು. ಹೊಸದು ಕಳಿಸ್ತೀವಿ ಅಂತ ಕಂಪನಿಯೋರು ಹೇಳ್ತಾನೇ ಇದ್ರು, ಅವರಪ್ಪನ ಗಂಟೇನೋ ಹೋಗೋ ಹಾಗೆ ಕೈ ಬಿಗಿ ಹಿಡಿದಿದ್ರು. ಆ ಮುಳ್ಳೊಂದು ಸರಿಯಾಗಿದ್ದಿದ್ರೆ, ಎಲ್ಲೋ ಬಾಗಿಲು ತೆಗೆದಿದೆ ಅಂತ ಕುರುಡರಿಗೂ ಗೊತ್ತಾಗ್ತಿತ್ತು.

ಇವರು ಹೊರಗಿನ ಗೋಡೆಗೆ ಕಿವಿ ಹಚ್ಚಿದ್ರು. ಒಳಗೆ ಕೋಳಿಗಳ ಸದ್ದು ಕಮ್ಮಿಯಾಗ್ತಿತ್ತು. ಒಳಗೆ ಹೋಗೋಣ್ವಾ ಅಂತ ಕೇಳಿದೆ. ಹೋದ್ರೆ ಇನ್ನೂ ಸಾಯ್ತವೆ, ತಾಳು ಅಂದ್ರು. ಏನು ತಾಳೋದು, ಇಲ್ಲಿ ಕೈಕಟ್ಟಿ ನಿಂತು ಅಂಕಿ ಓದೋಕೆ ನಾವೇನು ಜ್ಯೋತಿಷ್ಯದೋರಾ ಅಂತ ರೇಗಿದೆ. ಅವರು ಮತ್ತೆ ಗೋಡೆಗೆ ಕಿವಿ ಹಚ್ಚಿದ್ರು. ಮುಖ ಬಿಳಿಚಿಕೊಂಡಿತ್ತು. ಈ ಬ್ಯಾಚೂ ಹೋದ್ರೆ ಇವರು ಮತ್ತೆ ಲಾರಿಗೇ. ಅಂಕಿ ಮತ್ತೆ ಏರಿದಾಗ ನಾನೇ ಬಾಗಿಲು ತಳ್ಳಿ ಒಳಗೆ ಹೋದೆ.

ಪ್ಯಾಡಿನ ಹತ್ರ ಯಾವಾಗಲೂ ತಂಪು. ಎಷ್ಟೇ ಬಿಸಿಲಿದ್ರೂ ಅಲ್ಲಿ ನಿಂತರೆ ಮೈ ಮೇಲೆ ತಣ್ಣನೆ ಗಾಳಿ ಹೊಡೀತಿತ್ತು. ಅವತ್ತು ಅಲ್ಲಿ ಗಾಳಿ ಸತ್ತುಹೋಗಿತ್ತು. ಕೋಳಿಗಳು ರೆಕ್ಕೆ ಚೆಲ್ಲಿ, ಕತ್ತು ನೆಲಕ್ಕೆ ಹಾಕಿ ಮಲಗಿದ್ವು, ಎಷ್ಟು ಸತ್ತಿವೆ ಎಷ್ಟು ಬದುಕಿವೆ ಅಂತ ಹೇಳೋಕೆ ಆಗ್ತಿರಲಿಲ್ಲ. ತಲೆ ಎತ್ತಿ ನೋಡಿದೆ. ಆ ತುದೀಲಿ, ಕತ್ತಲಿರಬೇಕಾದ ಜಾಗದಲ್ಲಿ, ನೆಲದ ಮೇಲೆ ದೊಡ್ಡದೊಂದು ಬಿಸಿಲಿನ ಚೌಕ ಬಿದ್ದಿತ್ತು.

ನನ್ನ ಹಿಂದೆ ಬಂದ ಇವರೂ ಅದನ್ನ ನೋಡಿದ್ರು. ಓಡೋ ಹಾಗಿಲ್ಲ, ಓಡಿದ್ರೆ ಉಳಿದವೂ ಬೆದರಿ ಗುಡ್ಡೆ ಬೀಳ್ತವೆ. ಹೊರಗೆ ಸುತ್ತಿ ಓಡಿದ್ರು. ನಾನು ಅಲ್ಲೇ ನಿಂತೆ. ಕಾಲ ಹತ್ರ ಒಂದು ಕೋಳಿ ಬಾಯಿ ತೆರೆದು ಮುಚ್ಚಿ ಮಾಡ್ತಿತ್ತು. ಕೋಳಿ ಕುಡಿಯೋಕೆ ನೀರು ತೊಟ್ಟಿಕ್ಕೋ ನಿಪ್ಪಲ್ಲಿಗೆ ಹಿಡಿಯೋಣ ಅಂತ ಎತ್ತಿಕೊಂಡೆ. ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ ಇತ್ತು ಅದರ ಎದೆ. ಎತ್ತಿದ ಸುಸ್ತಿಗೇ ಕೈಯಲ್ಲೇ ಪ್ರಾಣ ಬಿಡ್ತು. ಇನ್ನೊಂದನ್ನ ಮುಟ್ಟಲಿಲ್ಲ. ಮುಟ್ಟಿದ್ರೂ ಸಾಯ್ತವೆ, ಬಿಟ್ಟರೂ ಸಾಯ್ತವೆ. ಅಷ್ಟೊಂದು ಜೀವದ ನಡುವೆ ಎರಡು ಕೈ ಇಳಿಬಿಟ್ಕೊಂಡು ನಿಂತಿದ್ದೆ, ಅಷ್ಟೇ ನಾನು ಮಾಡಿದ್ದು.

ಆ ತುದೀಲಿ ಬಿಸಿಲಿನ ಚೌಕ ಕಿರಿದಾಗಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ತಣ್ಣನೆ ಗಾಳಿ ಹಾಯ್ತು. ಆ ಗಾಳಿ ಬಂದಾಗ ನಂಗೆ ಅಳು ಬಂತು. ಪ್ಯಾಡಿನ ಕಡೆಯಿಂದ ಅರ್ಧ ಶೆಡ್ಡಿನಲ್ಲಿ ಅದನ್ನ ತಗೊಳ್ಳೋಕೆ ಹೆಚ್ಚು ಕೋಳಿ ಉಳಿದಿರಲಿಲ್ಲ.

ಹೊರಗೆ ಸುತ್ತಿ ಹೋದೆ. ಇವರ ಕೈಯಲ್ಲಿ ಅತ್ತೆಯ ತಲೆಬಟ್ಟೆ ಇತ್ತು. ಅದನ್ನ ಮಡಚಿ ಜೇಬಿಗೆ ತುರುಕಿದ್ರು. ನನ್ನ ಮೈಯೆಲ್ಲ ಬೆಂಕಿ. ಇವತ್ತು ಇದೆ ಈಯಮ್ಮಂಗೆ ಅಂತ ಮನೆ ಕಡೆ ಹೆಜ್ಜೆ ಹಾಕೋವಷ್ಟರಲ್ಲಿ ಅತ್ತೆಯೇ ಬಂದ್ರು, ಕೈಲಿ ನೀರಿನ ಚೊಂಬು. ಸಂದಿಯಿಂದ ಒಳಗೆ ಇಣುಕಿದ್ರು. ದೂರದಲ್ಲಿ ಬಿದ್ದ ರಾಶಿ ಕಾಣಿಸ್ತು ಅನ್ನಿಸುತ್ತೆ, ಎದೆ ಹಿಡ್ಕೊಂಡ್ರು. ಆಮೇಲೆ ಬಾಗಿಲ ಹತ್ರ ಇನ್ನೂ ಕತ್ತು ಎತ್ತಿ ಕೂತಿದ್ದ ಕೋಳಿಗಳನ್ನ ತೋರಿಸಿದ್ರು.

"ನಾನು ಇದೊಂದು ಬಾಗಿಲು ತೆಗೆದದ್ದಕ್ಕೆ ಇವಿಷ್ಟಾದ್ರೂ ಉಳಿದ್ವು ಕಣಪ್ಪಾ. ಒಳಗೆ ಕಾಲಿಟ್ಟಿಲ್ಲ ನಾನು," ಅಂದ್ರು.

ನಾನು ಬಾಯಿ ತೆಗೆದೆ. ಇವರು ನನ್ನ ರಟ್ಟೆ ಹಿಡಿದರು, ನೋವಾಗೋವಷ್ಟು. ಅಮ್ಮನ ಕೈಯಿಂದ ಚೊಂಬು ತಗೊಂಡು ಗಟಗಟ ಕುಡಿದು, ಹೌದಮ್ಮ, ನೀನು ಮನೆಗೆ ಹೋಗು, ಬಿಸಿಲು ಅಂದರು. ಅತ್ತೆ ಹೋದ ಮೇಲೆ, ಈ ವಿಷಯ ಇಲ್ಲಿಗೇ ಮುಗೀತು, ನಿನ್ನ ಬಾಯಿಂದ ಒಂದಕ್ಷರ ಹೊರಗೆ ಬಿದ್ರೆ ನಾನು ಮನುಷ್ಯನಾಗಿರಲ್ಲ ಅಂದರು. ಅವರು ನಂಗೆ ಹಾಗೆ ಮಾತಾಡಿದ್ದು ಅದೇ ಮೊದಲು.

ಬಿಸಿಲು ಇಳಿದ ಮೇಲೆ ಸೂಪರ್‌ವೈಸರ್ ಬಂದರು. ಕೆಟ್ಟ ಮನುಷ್ಯ ಏನಲ್ಲ, ಪಾಪ ಅವರ ತಲೆ ಮೇಲೂ ಒಬ್ಬರು ಕೂತಿದಾರೆ. ಒಳಗೆ ಒಂದು ಸುತ್ತು ಹಾಕಿದ್ರು. ಪ್ಯಾಡಿನ ಕಡೆ ಸತ್ತಿವೆ, ಫ್ಯಾನಿನ ಕಡೆ ಉಳಿದಿವೆ. ಅಷ್ಟು ನೋಡಿದ್ರೆ ಸಾಕು ಅವರಿಗೆ.

"ಬಾಗಿಲು ಯಾರು ತೆಗೆದಿದ್ದು?"

"ನಾನೇ, ಸಾರ್. ಶಾಖ ಏರ್ತಿತ್ತು, ಗಾಬರಿಯಾಯ್ತು," ಅಂದರು ಇವರು.

ಕರೆಂಟು ಹೋಗಿದ್ರೆ, ಮೋಟರ್ ಸುಟ್ಟಿದ್ರೆ, ಏನಾದರೂ ಹೇಳಿ ಮೇಲಿನೋರನ್ನ ಒಪ್ಪಿಸಬಹುದಿತ್ತು, ಇಷ್ಟು ವರ್ಷ ಸಾಕಿದೋನು ಬಾಗಿಲು ತೆಗೆದ ಅಂತ ಯಾವ ಬಾಯಲ್ಲಿ ಹೇಳಲಿ ಅಂದ್ರು ಸೂಪರ್‌ವೈಸರ್. ನಾನು ಮೀಟರಿನ ಮುಳ್ಳಿನ ವಿಷಯ ಎತ್ತಿದೆ. ಬಾಗಿಲು ತೆಗೆದೋರಿಗೆ ಮೀಟರ್ ಯಾಕಮ್ಮ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇತ್ತು, ಹೇಳೋ ಹಾಗಿರಲಿಲ್ಲ. ಅತ್ತೆ ದೂರದಲ್ಲಿ ಬಟ್ಟೆ ತಂತಿಯ ಹತ್ರ ನಿಂತು ನೋಡ್ತಿದ್ರು. ಫ್ಯಾನಿನ ಗದ್ದಲಕ್ಕೆ ಅವರಿಗೆ ಏನೂ ಕೇಳಿಸ್ತಿರಲಿಲ್ಲ. ಆಮೇಲೆ ಅತ್ತೆ, ಸೂಪರ್‌ವೈಸರ್ ಏನಂದ್ರು ಅಂತ ನನ್ನ ಕೇಳಿದ್ರು. ಇಷ್ಟು ಸತ್ತಿದ್ದಕ್ಕೆ ಸಿಟ್ಟು ಅವರಿಗೆ ಅಂದೆ.

ಸತ್ತವನ್ನ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿದ್ವಿ. ಉಳಿದವನ್ನ ಕಂಪನಿ ಗಾಡಿ ಒಯ್ತು. ಶೆಡ್ಡು ತೊಳೆದು, ಫ್ಯಾನು ಒರೆಸಿ, ಮರಿಗೆ ಕಾದ್ವಿ. ಇವರು ದಿನಾ ಫೋನ್ ಮಾಡೋರು, ಸೂಪರ್‌ವೈಸರ್ ಮೊದಲು ನೋಡೋಣ ಅನ್ನೋರು, ಆಮೇಲೆ ಫೋನ್ ಎತ್ತೋದನ್ನೇ ಬಿಟ್ಟರು. ಒಂದು ದಿನ ಇವರು ಹಳೇ ಲೈಸೆನ್ಸ್ ಹುಡುಕೋಕೆ ಶುರು ಮಾಡಿದ್ರು. ಎಲ್ಲಿದೆ ಅಂತ ನಂಗೆ ಗೊತ್ತಿತ್ತು. ಗೊತ್ತಿಲ್ಲ ಅಂದೆ. ಹೀಗೆ ಎಷ್ಟು ದಿನ ತಡೀಲಿ, ಕೊನೆಗೆ ನಾನೇ ತೆಗೆದು ಕೊಟ್ಟೆ.

ಅವರು ಹೊರಟ ಬೆಳಿಗ್ಗೆ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ನಿದ್ದೆ ಬಂದ್ರೆ ಲಾರಿ ನಿಲ್ಲಿಸ್ಕೋ ಅಂತ ಮತ್ತೆ ಮತ್ತೆ ಹೇಳಿದ್ರು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ನಾನು ಒಳಗೆ ಹೋಗಿ ಪಾತ್ರೆ ಉಜ್ಜಿದೆ. ಎಷ್ಟು ಹೊತ್ತಾದ್ರೂ ಅತ್ತೆ ಬರಲಿಲ್ಲ. ಹುಡುಕಿಕೊಂಡು ಹೋದೆ. ಖಾಲಿ ಶೆಡ್ಡಿನೊಳಗೆ, ನಟ್ಟ ನಡುವೆ, ನೆಲದ ಮೇಲೆ ಕೂತಿದ್ರು. ನಾಲ್ಕೂ ಬಾಗಿಲು ತೆಗೆದಿತ್ತು. ಬಿಸಿಲು, ಧೂಳು ಎಲ್ಲಾ ಕಡೆಯಿಂದ ಒಳಗೆ ಬರ್ತಿತ್ತು.

ನನ್ನ ನೋಡಿದ್ದೇ ಅವರು ಗೊಳೋ ಅಂತ ಅತ್ತರು.

"ಒಂದೇ ತೆಗೆದೆ ಕಣೇ ಅವತ್ತು. ಇನ್ನೂ ಮೂರಿದ್ವು. ಅವನು ಬೈತಾನೆ ಅಂತ ಹೆದರಿದೆ. ನಾಲ್ಕೂ ತೆಗೆದಿದ್ರೆ ಆ ಕಡೆಯವೂ ಉಳೀತಿದ್ವು, ನನ್ನ ಮಗ ಮನೇಲೇ ಇರ್ತಿದ್ದ. ನಾನೇ ಕಳಿಸಿಬಿಟ್ಟೆ ಅವನನ್ನ."

ಅವರ ಪಕ್ಕ ಕೂತೆ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ನಾಲಿಗೆ ತುದಿಗೆ ಬಂದಿತ್ತು, ಆದರೆ ಆ ಮುಖಕ್ಕೆ ಅದನ್ನ ಹೇಗೆ ಹೇಳೋದು. ಹೇಳಿದ್ರೆ ಸತ್ತೇಹೋಗ್ತಾರೆ, ಹೇಳದಿದ್ರೆ ಹೀಗೇ ಕೂತು ಅಳ್ತಾರೆ.

"ನೀವಲ್ಲ ಅತ್ತೆ. ಬಿಸಿಲು ಅವತ್ತು ಹಾಗಿತ್ತು," ಅಂದೆ.

ಅತ್ತೆ ನಂಬಲಿಲ್ಲ.