ಭೂತಗನ್ನಡಿ ದೊಡ್ಡಮ್ಮ

ಅವಳು ಒಳಗೆ ಕಾಲಿಟ್ಟ ಕೂಡಲೇ ನೆಂಟರ ಮನೆಯ ಹೆಂಗಸರ ಉಂಗುರ ತೊಟ್ಟ ಕೈಗಳು ಮಾಯವಾಗುತ್ತಿದ್ದವು: ಒಬ್ಬಳದು ಮೇಜಿನಡಿಗೆ, ಇನ್ನೊಬ್ಬಳದು ಕೈಚೀಲದೊಳಕ್ಕೆ, ಮತ್ತೊಬ್ಬಳದು ಮಡಿಲ ಮಗುವಿನ ಬೆನ್ನ ಹಿಂದಕ್ಕೆ. ರತ್ನಪರೀಕ್ಷೆಯ ಪ್ರಯೋಗಾಲಯದಲ್ಲಿ ಆಯುಷ್ಯದ ಬಹುಪಾಲನ್ನು ಕಳೆದ ಆಕೆಯನ್ನು ತಂಗಿಯ ಮಕ್ಕಳು ಎದುರಿಗೆ ದೊಡ್ಡಮ್ಮ ಎಂದೂ ಮರೆಯಲ್ಲಿ ಭೂತಗನ್ನಡಿ ದೊಡ್ಡಮ್ಮ ಎಂದೂ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ತಲೆಯನ್ನು ತುಸು ಎಡಕ್ಕೆ ವಾಲಿಸಿ, ಒಂದು ಕಣ್ಣನ್ನು ಕಿರಿದಾಗಿಸಿಯೇ ನಡೆಯುತ್ತಿದ್ದಳು. ಮೊಣಕೈ ಸವೆದ ಬೂದು ಕೋಟು ಬೇಸಿಗೆಯಲ್ಲೂ ಮೈಬಿಡುತ್ತಿರಲಿಲ್ಲ. ಹಾಲು ಕೆಟ್ಟಿದೆಯೇ ಎಂದು ಕೇಳಿದರೂ "ಬೆಳಕಿಗೆ ತನ್ನಿ" ಎನ್ನುವವಳು. ತನ್ನ ಮೈಮೇಲೆ ಮಾತ್ರ ಗುಲಗಂಜಿ ತೂಕದ ಒಡವೆಯಿಲ್ಲ. ನೀಲಮಣಿಯೆಂದರೆ ಪ್ರಾಣ. ಭೂಗರ್ಭದಲ್ಲಿ ಬೆಳೆದ ನೀಲದಲ್ಲಿ ಬಣ್ಣದ ಗೆರೆಗಳು ನೇರವಾಗಿರುತ್ತವೆ, ಯಂತ್ರದ ಜ್ವಾಲೆಯಲ್ಲಿ ಬೆಳೆಸಿದ್ದರಲ್ಲಿ ಬಿಲ್ಲಿನಂತೆ ಬಾಗುತ್ತವೆ, ಬಣ್ಣ ಏರಲೆಂದು ಕುಲುಮೆಯಲ್ಲಿ ಕಾಯಿಸಿದರೆ ಒಳಗಿನ ರೇಷ್ಮೆಯೆಳೆಯಂಥ ಸೂಜಿಗಳು ಕರಗಿಹೋಗುತ್ತವೆ ಎಂದು ಶುರುವಿಟ್ಟರೆ ಆ ಮಿತಭಾಷಿಣಿಯನ್ನು ಹಿಡಿದು ನಿಲ್ಲಿಸುವವರಿರಲಿಲ್ಲ, ಕೇಳುವವರೂ ಇರಲಿಲ್ಲ.

ತನ್ನ ಗಂಡ ತೀರಿಕೊಂಡ ವರ್ಷ ತಂಗಿ ಪ್ರಯೋಗಾಲಯಕ್ಕೇ ಬಂದಳು. ಮದುವೆಗೆ ಮುಂಚೆ ಅವನು ತೊಡಿಸಿದ್ದ ನೀಲದುಂಗುರವನ್ನು ಬೆರಳಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

"ಒಂದ್ಸಲ ನೋಡಕ್ಕಾ. ಗಣಿಯಿಂದ ಬಂದ ಅಸಲಿ ಕಲ್ಲು ಅಂತ ಎಷ್ಟು ಹೆಮ್ಮೆಪಡ್ತಿದ್ರು."

ಸೂಕ್ಷ್ಮದರ್ಶಕದಡಿಯಲ್ಲಿ ಗೆರೆಗಳು ಬಾಗಿದ್ದವು. ಅಕ್ಕ ತಲೆಯೆತ್ತಲಿಲ್ಲ. "ಕೃತಕ ಕಣೇ ಇದು. ಯಂತ್ರದಲ್ಲಿ ಬೆಳೆಸಿದ್ದು."

ತಂಗಿ ಉಂಗುರವನ್ನು ಸೂಕ್ಷ್ಮದರ್ಶಕದಡಿಯಿಂದ ಎಳೆದುಕೊಂಡಳು. "ಕಲ್ಲು ನೋಡು ಅಂದೆ. ನೀನು ಅವರನ್ನೇ ನೋಡಿಬಿಟ್ಟೆ," ಎಂದು ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಟುಹೋದಳು.

ಅಲ್ಲಿಂದಾಚೆ ತಂಗಿಯ ಭಾನುವಾರದ ಫೋನು ನಿಂತಿತು. ಅಕ್ಕ ಒಂಟಿ ತಟ್ಟೆ ತೊಳೆದಿಟ್ಟು, ಫೋನಿನ ಪಕ್ಕ ಕೋಟು ತೊಟ್ಟುಕೊಂಡೇ ಕೂತು, ಸಂಜೆಯ ಬೆಳಕು ಗೋಡೆಯಿಂದಿಳಿಯುವುದನ್ನು ನೋಡುತ್ತಿದ್ದಳು. ತಾನಾಡಿದ್ದರಲ್ಲಿ ತಪ್ಪೆಲ್ಲಿ ಎಂದು ಎಷ್ಟು ತಿರುಗಿಸಿ ನೋಡಿದರೂ ಒಂದು ಬಿರುಕೂ ಕಾಣಲಿಲ್ಲ. ಕೊನೆಗೆ ಮನಸ್ಸು ತಡೆಯದೆ ತಾನೇ ಹೋದಳು. ತಂಗಿ ಕಾಫಿ ಕೊಟ್ಟಳು, ಮಕ್ಕಳ ಓದಿನ ಸುದ್ದಿ ಹೇಳಿದಳು. ಅವಳ ಬೆರಳಿನ ಬುಡದಲ್ಲಿ ಉಂಗುರದ ಬಿಳಿಚಿದ ಗುರುತಷ್ಟೇ ಉಳಿದಿತ್ತು.

"ಹಾಕ್ಕೊಳ್ಳೇ ಅದನ್ನ," ಎಂದಳು ಅಕ್ಕ. "ಕೃತಕ ಅಂದ್ರೆ ಗಾಜಲ್ಲ. ಅದೂ ನೀಲಾನೇ. ಗಣಿಯ ಕಲ್ಲಲ್ಲಿ ಇರೋದೇ ಅದರಲ್ಲೂ ಇರೋದು. ಅಂಗಡಿಯವನು ಹೇಳಿದ್ದನ್ನ ನಿನ್ನ ಗಂಡ ನಂಬಿರ್ತಾನೆ, ಪಾಪ."

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ?"

"ನೀನು ಕೇಳಲಿಲ್ಲ."

ತಂಗಿ ನಕ್ಕಳು, ಆ ನಗೆಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಮತ್ತೆ ಬಾ ಎನ್ನಲಿಲ್ಲ.

ಸುಳ್ಳಾಡಲು ಬಾರದ ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಜನ ಅವರನ್ನು ಗೌರವಿಸುತ್ತಾರೆ, ಸಂಶಯ ಬಂದಾಗ ಅವರ ಬಾಗಿಲನ್ನೇ ಬಡಿಯುತ್ತಾರೆ; ಉತ್ತರ ಸಿಕ್ಕ ಮೇಲೆ, ಜೊತೆಯಲ್ಲಿ ಕೂತು ಅಳುವುದಕ್ಕೆ ಮಾತ್ರ ಬೇರೆ ಯಾರನ್ನೋ ಹುಡುಕಿಕೊಂಡು ಹೋಗುತ್ತಾರೆ.